ಕೇರಿಯ ತಮಟೆ ಹಿಡಿದ ದಾರಿ

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಬಂದದ್ದು ತಮಟೆಗಾಗಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಸೀಮೆಯ ಹಳ್ಳಿಗಳಲ್ಲಿ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಎಲ್ಲಕ್ಕೂ ತಮಟೆ ಬೇಕು. ಹುಲ್ಲಿನ ಉರಿಗೆ ಹಿಡಿದು ತೊಗಲು ಬಿಗಿ ಮಾಡಿ, ದೇವರ ಮುಂದೆ ಊರೆಲ್ಲ ಸುತ್ತಿದ ದಲಿತ ಕೇರಿಯವನು ಗುಡಿಯ ಹೊರಗೇ ನಿಲ್ಲಬೇಕಿತ್ತು.

ದೂರದ ಟ್ರಿನಿಡಾಡ್‌ನಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಕಪ್ಪುಜನರ ಡೋಲಿಗೆ ಬ್ರಿಟಿಷರು 1880ರ ದಶಕದಲ್ಲಿ ಕಾನೂನಿನ ಕಡಿವಾಣ ಹಾಕಿದರು. ಅಲ್ಲಿನ ಬಡಕೇರಿಗಳು ಬಿದಿರು ಕುಟ್ಟಿದವು, ಕೊನೆಗೆ ಎಣ್ಣೆ ಪೀಪಾಯಿ ತಟ್ಟಿ ಸ್ಟೀಲ್‌ಪ್ಯಾನ್ ಎಂಬ ಹೊಸ ವಾದ್ಯವನ್ನೇ ಕಟ್ಟಿದವು. ಅಲ್ಲಿ ಬಾರಿಸಕೂಡದೆಂಬ ಕಟ್ಟಳೆ. ಇಲ್ಲಿ ಬಾರಿಸಲೇಬೇಕೆಂಬ ಕಟ್ಟಳೆ. ಹಾಗಾಗಿ ಇಲ್ಲಿ ಸ್ವಾಭಿಮಾನದ ಮೊದಲ ಹೆಜ್ಜೆ ತಮಟೆಯನ್ನು ಕೆಳಗಿಡುವುದೇ ಆಗಿತ್ತು.

ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಸಚಿವ ಬಿ. ಬಸವಲಿಂಗಪ್ಪನವರ ಮಾತು 1973ರಲ್ಲಿ ಎಬ್ಬಿಸಿದ ಗಲಾಟೆಯ ಬೆನ್ನಿಗೇ ಪ್ರೊ. ಬಿ. ಕೃಷ್ಣಪ್ಪ ಮತ್ತವರ ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ‘ಪಂಚಮ’ ಪತ್ರಿಕೆ ಹೊರಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂತು. ಅಕ್ಷರ ಕಾಣದ ಕೇರಿಗಳಿಗೆ ಅಚ್ಚಿನ ಪತ್ರಿಕೆಗಿಂತ ಮೊದಲು ಮುಟ್ಟಿದ್ದು ಹಾಡೇ. ಹಾಡಿನ ಜೊತೆ ತಮಟೆಯೂ ಕೈಗೆ ಮರಳಿತು, ಈ ಸಲ ಮೆರವಣಿಗೆಯ ಮುಂದೆ. ಆಗಿನ್ನೂ ಮೇಲೆ ಹೇಳಿದ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಯವು. ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಆ ಕೋಲಾರ ಸೀಮೆಯಲ್ಲೇ ಕೋಟಿಗಾನಹಳ್ಳಿ ರಾಮಯ್ಯ ಹಾಡು, ನಾಟಕ ಬರೆದರು. ಪಿಚ್ಚಳ್ಳಿ ಶ್ರೀನಿವಾಸ್ ಊರೂರಲ್ಲಿ ದನಿಯೆತ್ತಿದರು.

ಹಾಡಿನಿಂದ ಎಲ್ಲವೂ ಬದಲಾಯಿತೆಂದು ನಂಬುವವರು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ಮರೆಯಬಾರದು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಆ ವರ್ಷಗಳಲ್ಲೇ ರಾಮಯ್ಯ ಮತ್ತು ಸಂಗಾತಿಗಳು ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿಕೊಂಡರು. ಹುಣ್ಣಿಮೆ ಬಂದರೆ ಅಲ್ಲಿ ‘ಹುಣ್ಣಿಮೆ ಹಾಡು’; ಬಯಲಲ್ಲೇ ನಾಟಕ, ಪದ, ತಮಟೆ. ಪೇಟೆಯ ರಂಗಮಂದಿರ ಹಳ್ಳಿಗೆ ಬರಲೆಂದು ಇವರು ಕಾಯಲಿಲ್ಲ. ಪೇಟೆಯವರೇ ಬೆಟ್ಟ ಹತ್ತಿಬಂದರು.

ಕೇರಿಯೊಳಗಿನ ಜಗಳ ಮಾತ್ರ ಮುಗಿದಿಲ್ಲ. ಅಪ್ಪಂದಿರು ಬಿಟ್ಟಿಯಾಗಿ ಬಾರಿಸಿದ್ದನ್ನು ಕಂಡವರಿಗೆ ತಮಟೆ ಮುಟ್ಟುವುದೇ ಬೇಡ. ಸಾವಿಗೆ ಹೋಗುವುದಿಲ್ಲ, ಕಾಸು ಕೊಟ್ಟು ಕರೆದರೆ ವೇದಿಕೆಗೆ ಬರುತ್ತೇವೆ ಎನ್ನುವ ಹುಡುಗರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಪದ್ಮಶ್ರೀ ಬಂದ ಮೇಲೂ ಯಾರೂ ಸೋಲೊಪ್ಪಿಲ್ಲ.