ಕೊಂಡ ಉಡುಪು, ಬೆಳೆಯುವ ಮೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇಂದಿನ ವ್ಯಾಪಾರಿಗೆ ಇನ್ನೊಂದು ಮಾತನ್ನೂ ಸೇರಿಸಿ ಹೇಳಬಹುದಾಗಿದೆ: ಅಂತರಜಾಲದಲ್ಲಿ ಅಂಗಡಿ ನಡೆಸಿ ನೋಡು. ತೆರೆಯುವುದೇನೋ ಈಗ ಕಷ್ಟವಲ್ಲ. ಉಚಿತವಾಗಿ ದೊರೆಯುವ ತಂತ್ರಾಂಶಕ್ಕೆ, ಹಣ ಕೊಟ್ಟು ತಂದ ಸಿದ್ಧ ವಿನ್ಯಾಸವೊಂದನ್ನು ತೊಡಿಸಿದರೆ ನಾಲ್ಕಾರು ದಿನಗಳಲ್ಲಿ ಮಳಿಗೆ ಸಿಂಗರಗೊಂಡು ನಿಲ್ಲುತ್ತದೆ. ತೊಡಕು ಮೊದಲಾಗುವುದು ಅನಂತರ, ತಂತ್ರಾಂಶದ ಹೊಸ ಆವೃತ್ತಿ ಬಂದಾಗ. ಗುಂಡಿಯೊಂದನ್ನು ಒತ್ತಿದೊಡನೆ ಚಿತ್ರಗಳು ಚದುರಿ, ಪಾವತಿಯ ಪುಟ ಬರಿದಾಗಿ, ಯಜಮಾನನು ಕಂಗಾಲಾಗುವುದುಂಟು. ಹೀಗಾಗುವುದೇಕೆ, ಇದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೈಗೆ ಅಂಟಿದ ಉಡುಪು

ತಂತ್ರಾಂಶವನ್ನು ಮೈಯೆಂದೂ ವಿನ್ಯಾಸವನ್ನು ಉಡುಪೆಂದೂ ಭಾವಿಸಿದರೆ ವಿಷಯ ಸುಲಭವಾಗುತ್ತದೆ. 2000ದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆಸ್‌ಕಾಮರ್ಸ್‌ನ ಆರಂಭದ ಆವೃತ್ತಿಗಳಲ್ಲಿ ಇವೆರಡೂ ಒಂದೇ ಕಡತದಲ್ಲಿ ಬೆರೆತಿದ್ದವು. ಕೊಂಡ ವಿನ್ಯಾಸವನ್ನು ಅಳವಡಿಸುವುದೆಂದರೆ ಮೂಲ ಕಡತಗಳನ್ನೇ ತಿದ್ದುವುದಾಗಿತ್ತು. ಹೊಸ ಕಡತಗಳನ್ನು ಹಾಕಿದರೆ ವಿನ್ಯಾಸ ಅಳಿಯುತ್ತಿತ್ತು. ಹಾಕದಿದ್ದರೆ ಹಳೆಯ ದೋಷ ಉಳಿಯುತ್ತಿತ್ತು. 2003ರಲ್ಲಿ ಅದರಿಂದ ಕವಲೊಡೆದ ಜೆನ್ ಕಾರ್ಟ್, ವಿನ್ಯಾಸಕ್ಕೆಂದೇ ಪ್ರತ್ಯೇಕ ಕೋಶವನ್ನು ಕಲ್ಪಿಸಿ ಮೂಲವನ್ನು ಮುಟ್ಟದಿರುವ ಪದ್ಧತಿಯನ್ನು ಬೆಳೆಸಿತು.

2011ರಲ್ಲಿ ಹೊರಬಂದು, ವರ್ಡ್‌ಪ್ರೆಸ್‌ನ ಜೊತೆಯಲ್ಲಿ ನಡೆಯುವ ವೂಕಾಮರ್ಸ್‌ನದೂ ಇದೇ ಹಾದಿ. ಸರಕಿನ ಪುಟ, ಬುಟ್ಟಿ, ಪಾವತಿ, ಇವಕ್ಕೆಲ್ಲ ಒಂದೊಂದು ಅಚ್ಚಿನ ಕಡತವಿದೆ. ವಿನ್ಯಾಸಕಾರನು ಅದರ ಪ್ರತಿಯನ್ನು ತನ್ನ ಕೋಶದಲ್ಲಿ ಇರಿಸಿಕೊಂಡು ತಿದ್ದಿದರೆ, ತಂತ್ರಾಂಶವು ಮೂಲವನ್ನು ಬಿಟ್ಟು ಆ ಪ್ರತಿಯನ್ನೇ ಬಳಸುತ್ತದೆ. ಗುಣವೂ ದೋಷವೂ ಇದರಲ್ಲಿಯೇ ಇವೆ. ಮೂಲ ಮುಂದೆ ಸಾಗುತ್ತದೆ. ಪ್ರತಿಯಾದರೋ ತಾನು ಹುಟ್ಟಿದ ದಿನದಲ್ಲಿಯೇ ನಿಂತಿರುತ್ತದೆ. 2017ರಲ್ಲಿ 3.0 ಆವೃತ್ತಿ ಬಂದಾಗ ಸರಕಿನ ಚಿತ್ರಗಳನ್ನು ತೋರಿಸುವ ಏರ್ಪಾಡೇ ಬದಲಾಯಿತು. ಆ ಹೊಸ ಏರ್ಪಾಡಿಗೆ ಹೊಂದಿಸದ ವಿನ್ಯಾಸಗಳಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡುವ ಅನುಕೂಲವೇ ಕಾಣದಾಯಿತು.

ಸಮಾಧಾನವೆಂದರೆ, ಪ್ರತಿಯೊಂದು ಅಚ್ಚಿನ ಕಡತದ ತಲೆಯಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ. ವೂಕಾಮರ್ಸ್‌ನ ‘ಸ್ಟೇಟಸ್’ ಪುಟವು ಮೂಲದ ಸಂಖ್ಯೆಯನ್ನೂ ಪ್ರತಿಯ ಸಂಖ್ಯೆಯನ್ನೂ ಹೋಲಿಸಿ, ಹಳತಾದವುಗಳನ್ನು ಹೆಸರಿಸುತ್ತದೆ. ರೋಗಕ್ಕೆ ಮುನ್ನವೇ ನಾಡಿ ಹಿಡಿದು ನೋಡುವ ಈ ಸೌಲಭ್ಯವನ್ನು ಬಳಸದಿರುವುದು ಜಾಣತನವಲ್ಲ.

ಹಾಗೆಯೇ ಬಿಟ್ಟರೆ?

ಚೆನ್ನಾಗಿ ನಡೆಯುತ್ತಿರುವುದನ್ನು ಕದಲಿಸುವುದೇಕೆ ಎಂದು ಕೆಲವರು ಕೇಳಿಯಾರು. ಉತ್ತರವನ್ನು ಅನುಭವವೇ ಕೊಟ್ಟಿದೆ. ಚಿತ್ರಗಳನ್ನು ಸಾಲಾಗಿ ಜಾರಿಸಿ ತೋರಿಸುವ ಸ್ಲೈಡರ್ ರೆವಲ್ಯೂಷನ್ ಎಂಬ ಉಪಾಂಗವನ್ನು ನೂರಾರು ಮಾರಾಟದ ವಿನ್ಯಾಸಗಳಲ್ಲಿ ಸೇರಿಸಿಯೇ ಕೊಡಲಾಗುತ್ತಿತ್ತು. ಅದರಲ್ಲಿದ್ದ ರಂಧ್ರವನ್ನು ತಯಾರಕರು 2014ರ ಆರಂಭದಲ್ಲಿಯೇ ಮುಚ್ಚಿದ್ದರು. ಆದರೆ ಅಂತಹ ಉಪಾಂಗ ತಮ್ಮಲ್ಲಿದೆ ಎಂಬುದೇ ಅನೇಕ ಯಜಮಾನರಿಗೆ ತಿಳಿದಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ‘ಸೋಕ್‌ಸೋಕ್’ ಎಂಬ ದುಷ್ಟ ತಂತ್ರಾಂಶ ಈ ಹಾದಿಯಲ್ಲಿ ನುಗ್ಗಿತು; 11,000ಕ್ಕೂ ಹೆಚ್ಚು ತಾಣಗಳನ್ನು ಗೂಗಲ್ ಅಪಾಯದ ಪಟ್ಟಿಗೆ ಸೇರಿಸಿತು.

ಮೆಜೆಂಟೊ ಕಥೆಯೂ ಇಂತಹದೇ. 2015ರಲ್ಲಿ ಎರಡನೆಯ ಮೆಜೆಂಟೊ ಬಂದಾಗ ಮೊದಲನೆಯದಕ್ಕೆ ಕೊಂಡ ವಿನ್ಯಾಸ ಅದಕ್ಕೆ ಒಗ್ಗಲಿಲ್ಲ, ಹೊಸದನ್ನೇ ಕೊಳ್ಳಬೇಕಾಯಿತು. ಹಲವರು ಹಿಂಜರಿದು ಹಳೆಯದರಲ್ಲಿಯೇ ಉಳಿದರು. 2020ರ ಜೂನ್ 30ಕ್ಕೆ ಅದರ ಅಧಿಕೃತ ಬೆಂಬಲ ಮುಗಿಯಿತು. ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ಸುಮಾರು ಎರಡು ಸಾವಿರ ಮಳಿಗೆಗಳಿಗೆ ಕಳ್ಳರು ನುಗ್ಗಿ, ಗ್ರಾಹಕರು ಬರೆದ ಕಾರ್ಡಿನ ವಿವರಗಳನ್ನು ಕದಿಯುವ ಸಂಕೇತವನ್ನು ಸೇರಿಸಿದರು. ನಷ್ಟ ಯಜಮಾನನೊಬ್ಬನದೇ ಅಲ್ಲ. ನಂಬಿ ಬಂದ ಗ್ರಾಹಕನದೂ ಹೌದು.

ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ವಿನ್ಯಾಸವನ್ನು ಮಾರಿದವರು ಹೊಸ ಆವೃತ್ತಿಗೆ ಅದನ್ನು ಹೊಂದಿಸಿದ್ದಾರೆಯೇ ಎಂದು ಅವರ ಬದಲಾವಣೆಯ ಪಟ್ಟಿಯಲ್ಲಿ ನೋಡಬೇಕು. ಎರಡನೆಯದಾಗಿ, ಕಡತಗಳನ್ನೂ ದತ್ತಾಂಶವನ್ನೂ ಬೇರೊಂದೆಡೆ ನಕಲು ಮಾಡಿ ಇರಿಸಬೇಕು. ಮೂರನೆಯದಾಗಿ, ಮಳಿಗೆಯ ಒಂದು ಪ್ರತಿರೂಪವನ್ನು ಮರೆಯಲ್ಲಿ ನಿಲ್ಲಿಸಿ, ಅದರ ಪಾವತಿಯನ್ನು ಪರೀಕ್ಷಾ ಸ್ಥಿತಿಗೆ ತಂದು, ಗ್ರಾಹಕರಿಗೆ ಪತ್ರ ಹೋಗದಂತೆ ತಡೆದು, ಪ್ರಯೋಗವನ್ನು ಅಲ್ಲಿಯೇ ನಡೆಸಬೇಕು. ಸರಕನ್ನು ಬುಟ್ಟಿಗೆ ಹಾಕುವುದರಿಂದ ರಸೀದಿ ಬರುವವರೆಗೆ ಎಲ್ಲವನ್ನೂ ಕೈಯಾರೆ ಪರೀಕ್ಷಿಸಬೇಕು, ಮೊಬೈಲಿನಲ್ಲಿಯೂ ನೋಡಬೇಕು.

ನಿಜವಾದ ಮಳಿಗೆಯನ್ನು ಬದಲಿಸಲು ಗಿರಾಕಿಗಳು ವಿರಳವಾಗಿರುವ ಹೊತ್ತನ್ನು ಆರಿಸಿ, ಸ್ವಲ್ಪ ಕಾಲ ಬಾಗಿಲು ಮುಚ್ಚುವುದು ಲೇಸು. ಕೆಲಸ ಕೆಟ್ಟು ಹಳೆಯ ದತ್ತಾಂಶಕ್ಕೆ ಮರಳಿದರೆ, ನಡುವೆ ಬಂದ ಬೇಡಿಕೆಗಳು ಅಳಿಸಿಹೋಗುತ್ತವೆ ಎಂಬುದನ್ನು ಮರೆಯಲಾಗದು. ಹಣ ಕೊಟ್ಟವನ ಹೆಸರೇ ಲೆಕ್ಕದಲ್ಲಿ ಇಲ್ಲವಾದರೆ ಅವನಿಗೆ ಏನೆಂದು ಉತ್ತರಿಸುವುದು?

ಸ್ವಂತ ತಿದ್ದುಪಡಿಗಳಿಗೆ ‘ಚೈಲ್ಡ್ ಥೀಮ್’ ಎಂಬ ಮರಿ ವಿನ್ಯಾಸವನ್ನು ಬಳಸಬೇಕು. ತಾಯಿ ವಿನ್ಯಾಸ ಹೊಸದಾದರೂ ಮರಿಯಲ್ಲಿ ಬರೆದದ್ದು ಅಳಿಯದು. ಆದರೆ ಅಲ್ಲಿಯೂ ಅಚ್ಚಿನ ಪ್ರತಿಗಳಿದ್ದರೆ ಅವುಗಳನ್ನು ನಾವೇ ಹೊಸ ಮೂಲಕ್ಕೆ ಹೊಂದಿಸಬೇಕು.

ವಿನ್ಯಾಸ ಕೊಳ್ಳುವಾಗ ಚೆಲುವನ್ನಷ್ಟೇ ನೋಡುವುದು ಸಾಲದು. ಕಳೆದ ತಿದ್ದುಪಡಿ ಯಾವಾಗ ಬಂದಿತು, ಬೆಂಬಲ ಎಷ್ಟು ಕಾಲದ್ದು, ಒಳಗೆ ಯಾವ ಉಪಾಂಗಗಳಿವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದ ಮೇಲೆಯೇ ಹಣ ಕೊಡಬೇಕು. ಮಗುವಿಗೆ ಬಟ್ಟೆ ಹೊಲಿಸುವ ತಾಯಿ ಮಡಿಕೆಯಲ್ಲಿ ಎರಡು ಬೆರಳು ಹೆಚ್ಚಿಗೆ ಬಿಡಿಸುತ್ತಾಳೆ. ಬೆಳೆಯುವ ಮೈಯ ಅರಿವು ಅವಳಿಗಿದೆ. ಮಳಿಗೆಯ ಯಜಮಾನನಿಗೂ ಆ ಅರಿವು ಇರಲೆಂದು ನಮ್ಮ ಹಾರೈಕೆ.