ಲ್ಯಾಪ್‌ಟಾಪ್ ಬ್ಯಾಟರಿಯ ಆರೋಗ್ಯ ತಿಳಿಯುವುದು ಹೇಗೆ?

ಪ್ರಶ್ನೆ: ನಾನು ದೋಹಾದಲ್ಲಿದ್ದೇನೆ. ಲ್ಯಾಪ್‌ಟಾಪ್ ಚಾರ್ಜ್ ಬೇಗ ಇಳಿಯುತ್ತಿದೆ. ಬ್ಯಾಟರಿ ಸವೆದಿದೆಯೇ ಎಂದು ನಾನೇ ನೋಡಬಹುದೇ? ಇಲ್ಲಿನ ಸೆಕೆಯೂ ಕಾರಣವೇ?

ಉತ್ತರ: ಖಂಡಿತ ನೋಡಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಪವರ್‌ಸಿಎಫ್‌ಜಿ' ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ತಾಗಿದಂತೆ 'ಬ್ಯಾಟರಿರಿಪೋರ್ಟ್' ಎಂದು ಸೇರಿಸಿ ಎಂಟರ್ ಒತ್ತಿ. ವರದಿಯ ಕಡತ ಎಲ್ಲಿದೆ ಎಂದು ಪರದೆಯೇ ತಿಳಿಸುತ್ತದೆ. ಅದರಲ್ಲಿ ಎರಡು ಅಂಕಿ ಮುಖ್ಯ: ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು 50,000, ಎರಡನೆಯದು 40,000 ಇದ್ದರೆ ಬ್ಯಾಟರಿಯಲ್ಲಿ ಉಳಿದಿರುವ ಸಾಮರ್ಥ್ಯ ಶೇ. 80. ಮ್ಯಾಕ್‌ಬುಕ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಇದು ಸಿಗುತ್ತದೆ.

ಸೆಕೆಯ ಬಗ್ಗೆ ನಿಮ್ಮ ಅನುಮಾನ ಸರಿ. ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ರಾಸಾಯನಿಕ ಸವೆತವನ್ನು ಶಾಖ ಚುರುಕುಗೊಳಿಸುತ್ತದೆ. ತುಂಬಿದ ಚಾರ್ಜ್ ಜೊತೆಗಿದ್ದರೆ ಇನ್ನೂ ಹೆಚ್ಚು. ಕತಾರ್‌ನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವುದು ಸಾಮಾನ್ಯ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಲ್ಯಾಪ್‌ಟಾಪನ್ನು ಕಾರಿನಲ್ಲಿ ಬಿಡಬೇಡಿ. ಸದಾ ಪ್ಲಗ್‌ನಲ್ಲೇ ಇಡುವವರು, ಸೌಲಭ್ಯವಿದ್ದರೆ, ಚಾರ್ಜ್ ಮಿತಿಯನ್ನು ಶೇ. 80ಕ್ಕೆ ಹೊಂದಿಸಿಕೊಳ್ಳಿ.

ಬ್ಯಾಟರಿ ಉಬ್ಬಿದ್ದು ಕಂಡರೆ ಮಾತ್ರ ಅಂಕಿ ನೋಡುತ್ತ ಕೂರಬೇಡಿ. ಬಳಕೆ ನಿಲ್ಲಿಸಿ, ತಕ್ಷಣ ಸರ್ವಿಸ್ ಸೆಂಟರ್‌ಗೆ ತೋರಿಸಿ.