ವಾಡಿಯಲ್ಲಿ ಹಳಿ ಕವಲೊಡೆದಾಗ

ಕಲಬುರಗಿಯಿಂದ ದೂರದೂರಿನ ಗಾಡಿಯೊಂದು ದಕ್ಷಿಣಕ್ಕೆ ಹೊರಟಿದೆ. ಯಾವ ಊರಿನದೋ ನಿಮಗೆ ಗೊತ್ತಿಲ್ಲ. ಆದರೂ ಶಹಾಬಾದ್ ದಾಟಿಯೇ ಅದು ವಾಡಿಗೆ ಬರಬೇಕು. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಯಾದಗಿರಿ, ರಾಯಚೂರಿನತ್ತ. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಇನ್ನೊಂದು ಚಿತ್ತಾಪುರ, ಸೇಡಂ ಮೇಲಿಂದ ಸಿಕಂದರಾಬಾದಿನತ್ತ. ಗಾಡಿ ಎತ್ತ ಹೊರಳಿದರೂ ಮುಂದಿನ ಸ್ಟೇಷನ್ನುಗಳು ನಕ್ಷೆಯಲ್ಲಿ ಮೊದಲೇ ಇವೆ.

ಚಿಂಚೋಳಿಗೆ ರೈಲಿಲ್ಲ. ಅಲ್ಲಿಂದ ಒಳಗಿನ ತಾಂಡಾಕ್ಕೆ ಬೈಕ್ ಹತ್ತಿದವರು ದಾರಿ ಕೇಳುತ್ತ ಹೋಗಬೇಕು. ‘ಮುಂದ ಬೇವಿನ ಗಿಡದ ಬಾಜೂಕ ಚಾದಂಗಡಿ ಅದ, ಅಲ್ಲಿ ಕೇಳ್ರಿ.’ ಅಲ್ಲಿಗೆ ಹೋಗುವ ತನಕ ಮುಂದಿನ ತಿರುವು ಯಾವುದೆಂದು ಯಾರಿಗೂ ಹೇಳಲಾಗದು.

ಕಂಪ್ಯೂಟರ್ ಪ್ರೋಗ್ರಾಂಗಳಲ್ಲೂ ಈ ಎರಡು ಬಗೆಯ ದಾರಿಗಳಿವೆ. ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಫೈಲ್ ಓದುವುದು, ನೆಟ್‌ವರ್ಕ್‌ನಿಂದ ಮಾಹಿತಿ ತರಿಸುವುದು ಮುಂತಾದ ಹೊರಜಗತ್ತಿನ ವ್ಯವಹಾರಕ್ಕೆ ‘ಎಫೆಕ್ಟ್’ ಎಂದು ಹೆಸರು. ಅವನ್ನು ಪೋಣಿಸುವ ಹೆಸರಾಂತ ವಿಧಾನ ಮೊನಾಡ್. ಹೆಸರು ಕೇಳಿಯೇ ಹೆದರುವವರಿದ್ದಾರೆ. ಆದರೆ ಅದು ಚಿಂಚೋಳಿಯ ದಾರಿಯೇ. ಮೊದಲ ಹೆಜ್ಜೆಯ ಉತ್ತರ ಒಂದು ಫಂಕ್ಷನ್ನಿನ ಕೈಗೆ ಹೋಗುತ್ತದೆ, ಮುಂದಿನ ಹೆಜ್ಜೆಯನ್ನು ಅದು ಹೇಳುತ್ತದೆ. ಫಂಕ್ಷನ್ ಬಾಯಿ ಕಟ್ಟಿದ ಚೀಲ. ಉತ್ತರ ಕೊಡದೆ ಬಿಚ್ಚಿ ನೋಡಲಾಗದು.

ಉದಾಹರಣೆಗೆ, ಸೇಡಂನ ಅಂಗಡಿಯೊಂದರ ಬಿಲ್ಲಿಂಗ್ ಪ್ರೋಗ್ರಾಂ. ಸೆಟ್ಟಿಂಗ್ ಫೈಲಿನಲ್ಲಿ ‘ಕನ್ನಡ’ ಎಂದಿದ್ದರೆ ಕನ್ನಡ ಫಾಂಟ್ ಓದು, ಇಲ್ಲದಿದ್ದರೆ ತೆಲುಗಿನದು. ಮೊನಾಡ್‌ನಲ್ಲಿ ಬರೆದರೆ ಪ್ರೋಗ್ರಾಂ ಓಡುವ ಮೊದಲು ಕಾಣುವುದು ಸೆಟ್ಟಿಂಗ್ ಫೈಲ್ ಒಂದೇ. 2008ರಲ್ಲಿ ಮೆಕ್‌ಬ್ರೈಡ್ ಮತ್ತು ಪ್ಯಾಟರ್ಸನ್ ವಿವರಿಸಿದ ಅಪ್ಲಿಕೇಟಿವ್ ಎಂಬ ಇನ್ನೊಂದು ವಿಧಾನದಲ್ಲಿ ಮೂರು ಫೈಲುಗಳೂ ಕಿರಾಣಿ ಚೀಟಿಯ ಸಾಮಾನಿನಂತೆ ಮೊದಲೇ ಕಾಣುತ್ತವೆ, ಒಟ್ಟಿಗೇ ತರಿಸಬಹುದು. ಆದರೆ ಚೀಟಿಯಲ್ಲಿ ಬರೆದದ್ದನ್ನೆಲ್ಲ ತರಲೇಬೇಕು! ಬೇಡದ ಫಾಂಟನ್ನೂ ಓದಿ ಬಿಸಾಡಬೇಕು.

2019ರಲ್ಲಿ ಮೊಕೊವ್, ಲುಕ್ಯಾನೊವ್, ಮಾರ್ಲೊ, ಡಿಮಿನೊ ಇವೆರಡರ ನಡುವೆ ಮತ್ತೊಂದನ್ನು ಇಟ್ಟರು: ಸೆಲೆಕ್ಟಿವ್ ಫಂಕ್ಟರ್. ಇದು ನಮ್ಮ ವಾಡಿ. ಕವಲು ಎರಡೂ ಕಣ್ಣೆದುರಿಗಿವೆ, ಬೇಡದ್ದನ್ನು ಬಿಟ್ಟು ಹೋಗಬಹುದು. ಹೀಗಾಗಿ ಪ್ರೋಗ್ರಾಂ ಓಡಿಸದೆಯೇ ಎರಡು ಪಟ್ಟಿ ಸಿಗುತ್ತವೆ. ಖಾತ್ರಿಯಾಗಿ ಓದುವುದು ಸೆಟ್ಟಿಂಗ್ ಫೈಲ್. ಹೆಚ್ಚೆಂದರೆ ಓದುವುದು ಆ ಮೂರು. ಸಾವಿರಾರು ಫೈಲುಗಳನ್ನು ಜೋಡಿಸಿ ತಂತ್ರಾಂಶ ಕಟ್ಟುವ ಬಿಲ್ಡ್ ಸಿಸ್ಟಂಗಳಿಗೆ ಬೇಕಾದದ್ದು ಇಂಥ ಪಟ್ಟಿಯೇ: ಯಾವುದು ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕು, ಯಾವುದನ್ನು ಈಗಲೇ ಶುರುಮಾಡಬಹುದು ಎಂದು ಅವು ಮೊದಲೇ ಲೆಕ್ಕ ಹಾಕುತ್ತವೆ. ನನ್ನ ಮಟ್ಟಿಗೆ ಮೊನಾಡ್‌ನ ಅಬ್ಬರಕ್ಕಿಂತ ಈ ಕಡಿಮೆ ಶಕ್ತಿಯೇ ಹೆಚ್ಚು ಉಪಯೋಗದ್ದು.

ಆದರೆ ಓದಬೇಕಾದ ಫಾಂಟಿನ ಹೆಸರನ್ನೇ ಅಂಗಡಿಯವರು ಸೆಟ್ಟಿಂಗ್ ಫೈಲಿನಲ್ಲಿ ತಮಗೆ ತೋಚಿದಂತೆ ಬರೆದಿಟ್ಟರೆ ಸೆಲೆಕ್ಟಿವ್ ಕೈಚೆಲ್ಲುತ್ತದೆ. ಆಗ ಮೊನಾಡ್ ಬೇಕು. ಬೇವಿನ ಗಿಡದ ಬಾಜೂಕಿನ ಚಾದಂಗಡಿಗೇ ಹೋಗಿ ಕೇಳಬೇಕು.